ಭಾಂಡೆ ಅಂಗಡಿಯ ಫಲಕದ ಮೇಲೆ ಯಾವ ಇಸವಿ ಬರೆಸಬೇಕು?

ಪ್ರಶ್ನೆ — ಭಾಂಡೆ ವ್ಯಾಪಾರಿ, ನವನಗರ, ಬಾಗಲಕೋಟೆ

ಎಲ್ಲರಿಗೂ ಶರಣಾರ್ಥಿ. ನಮ್ಮದು ತಾಮ್ರ, ಹಿತ್ತಾಳೆ ಮತ್ತು ಸ್ಟೀಲ್ ಭಾಂಡೆಗಳ ಅಂಗಡಿ. ಹಳೆ ಬಾಗಲಕೋಟೆಯ ಪೇಟೆಯಲ್ಲಿದ್ದ ಮಳಿಗೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋದ ಮೇಲೆ ತಂದೆಯವರು ವ್ಯಾಪಾರವನ್ನು ನವನಗರಕ್ಕೆ ತಂದರು. ಈಗ ಹೊಸ ಫಲಕ ಹಾಕಿಸಬೇಕಾಗಿದ್ದು, ಅಂಗಡಿ ಆರಂಭವಾದ ಇಸವಿಯನ್ನೂ ಅದರ ಮೇಲೆ ಬರೆಸಬೇಕೆಂದು ತಮ್ಮ ಹಟ ಹಿಡಿದಿದ್ದಾನೆ. ಆದರೆ ಮನೆಯಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಅಂಗಡಿ ತೆರೆದವರು ಮುತ್ಯಾನವರು ಎಂದು ಕಾಕಾ ಹೇಳುತ್ತಾರೆ. ಮುತ್ಯಾನವರ ತಂದೆಯೇ ಎತ್ತಿನ ಮೇಲೆ ಭಾಂಡೆ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದರು, ಪೇಟೆಯಲ್ಲಿ ಗಾಳೆ (ಮಳಿಗೆ) ಹಿಡಿದವರೂ ಅವರೇ ಎಂದು ಸೋದರತ್ತೆಯವರು ಹೇಳುತ್ತಾರೆ.

ಟ್ರಂಕಿನಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಹಳೆಯ ವಹಿಗಳಿವೆ (ಲೆಕ್ಕದ ಪುಸ್ತಕಗಳು). ಕೆಲವು ಕನ್ನಡದಲ್ಲಿವೆ, ಕೆಲವು ಮರಾಠಿ ಬರೆಯಲು ಬಳಸುತ್ತಿದ್ದ ಹಳೆಯ ಮೋಡಿ ಲಿಪಿಯಲ್ಲಿವೆ. ಎಲ್ಲಕ್ಕಿಂತ ಹಳೆಯದೆಂದು ಕಾಣುವ ಕನ್ನಡ ವಹಿಯ ಮೊದಲ ಪುಟದಲ್ಲಿ “ವಿಭವ ನಾಮ ಸಂವತ್ಸರ, ಕಾರ್ತಿಕ ಶುದ್ಧ ಪಾಡ್ಯ” ಎಂದಷ್ಟೇ ಇದೆ, ಶಕವರ್ಷವನ್ನು ಬರೆದಿಲ್ಲ. ಇದರಿಂದ ಇಸವಿಯನ್ನು ಹೇಗೆ ಗೊತ್ತುಮಾಡಬೇಕು, ಮುತ್ಯಾನವರ ತಂದೆಯ ಮೂಲ ಊರು ಮತ್ತು ಮನೆತನದ ವಿವರಗಳು ಎಲ್ಲಿ ಸಿಗಬಹುದು ಎಂಬುದನ್ನು ತಿಳಿದವರು ಹೇಳಬೇಕು. ಇನ್ನೊಂದು ಮಾತು: ಅಂಗಡಿಯ ಮಾಳಿಗೆಯ ತುಂಬ ಕಾಗದಗಳೇ ಇವೆ. ಯಾವುದನ್ನು ಇಟ್ಟುಕೊಂಡು ಯಾವುದನ್ನು ರದ್ದಿಗೆ ಹಾಕಬಹುದು ಎಂಬುದೂ ಗೊತ್ತಾಗಬೇಕಿದೆ.

ಉತ್ತರ — ಹಳೆ ಲೆಕ್ಕ ಪುಸ್ತಕಗಳ ಆಸಕ್ತ, ವಿಜಯಪುರ

ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಆದ್ದರಿಂದ ನಿಮ್ಮ ವಹಿಯ ವಿಭವವು 1868–69 ಆಗಿರಬೇಕು, ಇಲ್ಲವೇ 1928–29 ಆಗಿರಬೇಕು. 1988ರ ವಿಭವವಂತೂ ನಿಮ್ಮ ತಂದೆಯವರ ನೆನಪಿನಲ್ಲೇ ಇರುತ್ತದೆ. ಕಾರ್ತಿಕ ಶುದ್ಧ ಪಾಡ್ಯವೆಂದರೆ ದೀಪಾವಳಿಯ ಪಾಡ್ಯ, ನಮ್ಮ ಕಡೆಯ ವ್ಯಾಪಾರಸ್ಥರು ಹೊಸ ವಹಿ ಪೂಜಿಸುವ ದಿನ. ಅಲ್ಲಿಗೆ ಅದು ಅಂಗಡಿಯ ವಹಿಯೇ ಹೊರತು ಮನೆಯ ಖರ್ಚಿನ ಪುಸ್ತಕವಲ್ಲ ಎಂಬುದು ಹೆಚ್ಚುಕಡಿಮೆ ಖಚಿತವಾಯಿತು. ಮುಂದೆ ಯಾವುದಾದರೂ ಪುಟದಲ್ಲಿ ಶಕವರ್ಷ ಸಿಕ್ಕರೆ ಅದಕ್ಕೆ 78 ಕೂಡಿಸಿರಿ. ಶಕವರ್ಷ ಬದಲಾಗುವುದು ಯುಗಾದಿಗೆ, ವಹಿ ಬದಲಾಗುವುದು ದೀಪಾವಳಿಗೆ. ಹೀಗಾಗಿ ಜನವರಿಯಿಂದ ಯುಗಾದಿಯವರೆಗಿನ ತಿಥಿಗಳಿಗೆ 79 ಕೂಡಿಸಬೇಕಾಗುತ್ತದೆ. ಶಕೆ 1850ರ ಕಾರ್ತಿಕವು 1928ರಲ್ಲಿ ಬಂದರೆ ಅದೇ ಶಕೆಯ ಮಾಘವು 1929ಕ್ಕೆ ಸೇರುತ್ತದೆ.

ಎರಡು ವಿಭವಗಳಲ್ಲಿ ಯಾವುದೆಂದು ತಿಳಿಯಲು ಸರಕಿನ ಹೆಸರುಗಳನ್ನೇ ಓದಿರಿ. ಭಾಂಡೆ ಅಂಗಡಿಯವರಿಗೆ ಈ ವಿಷಯದಲ್ಲಿ ಬೇರೆ ವ್ಯಾಪಾರಸ್ಥರಿಗಿಲ್ಲದ ಅನುಕೂಲವಿದೆ. ನಮ್ಮ ಹಿರಿಯರು ಜರ್ಮನ್ ಎಂದು ಕರೆಯುತ್ತಿದ್ದ ಅಲ್ಯೂಮಿನಿಯಂ ಪಾತ್ರೆ ಒಂದೇ ಒಂದು ಸಾಲಿನಲ್ಲಿ ಬಂದಿದ್ದರೂ ಆ ವಹಿ 1868ರದ್ದಾಗಿರಲು ಸಾಧ್ಯವಿಲ್ಲ, ಏಕೆಂದರೆ ಆ ಲೋಹವನ್ನು ಅಗ್ಗವಾಗಿ ತೆಗೆಯುವ ವಿಧಾನವನ್ನು ಕಂಡುಹಿಡಿದದ್ದೇ 1886ರಲ್ಲಿ. ರೈಲಿನ ಬಾಡಿಗೆ ಅಥವಾ ಸ್ಟೇಷನ್ನಿನ ಹಮಾಲಿ ಬರೆದಿದ್ದರೂ ಅದೇ ತೀರ್ಮಾನ, ಏಕೆಂದರೆ ಹೋಟಗಿ–ಗದಗ ಮಾರ್ಗ ಬಾಗಲಕೋಟೆಯ ಮೇಲೆ ಹಾದದ್ದು 1880ರ ದಶಕದಲ್ಲಿ. ಊರಿನ ವಿಳಾಸದಲ್ಲಿ “ಜಿಲ್ಲಾ ಕಲಾದಗಿ” ಎಂದಿದ್ದರೆ ಮಾತ್ರ ಹಳೆಯ ವಿಭವವನ್ನು ನಂಬಬಹುದು, ಏಕೆಂದರೆ ಅದೇ ದಶಕದ ನಡುವೆ ಜಿಲ್ಲಾ ಕೇಂದ್ರವು ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ತಾರೀಖಿಲ್ಲದ ಉಳಿದ ವಹಿಗಳಲ್ಲಿ ರೂಪಾಯಿ, ಆಣೆ, ಪೈಗಳಲ್ಲಿ ಲೆಕ್ಕವಿದ್ದರೆ ಅವು ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನವು. ಆ ತಿಂಗಳು ನಯೇ ಪೈಸೆ ಬಂದಿತು. ಕೆಲವು ಹಟಮಾರಿ ವ್ಯಾಪಾರಸ್ಥರು ಅದರ ನಂತರವೂ ಆಣೆಯಲ್ಲೇ ಬರೆದಿರಬಹುದು.

ಮೋಡಿ ವಹಿಗಳಿಗೆ ಹೆದರಬೇಡಿರಿ. ಅಲ್ಲಿನ ಅಂಕಿಗಳು ಬಹುಮಟ್ಟಿಗೆ ದೇವನಾಗರಿಯವೇ, ಮತ್ತು ವ್ಯಾಪಾರದ ವಹಿಯಲ್ಲಿ ಅವೇ ಇಪ್ಪತ್ತು-ಮೂವತ್ತು ಪದಗಳು ಮರಳಿ ಮರಳಿ ಬರುತ್ತವೆ. ಮೊದಲು ತಿಂಗಳ ಹೆಸರು, ಜಮಾ, ಖರ್ಚು, ಬಾಕಿ ಇಷ್ಟನ್ನು ಗುರುತಿಸಲು ಕಲಿತು, ಉಳಿದ ಪುಟಗಳ ಫೋಟೋ ತೆಗೆದು ಮೋಡಿ ಬಲ್ಲವರಿಗೆ ತೋರಿಸಿರಿ. ಬೆಳಗಾವಿಯ ಕಡೆ ಅಂಥ ಹಿರಿಯರು ಇನ್ನೂ ಸಿಗುತ್ತಾರೆ.

ಒಂದು ಎಚ್ಚರಿಕೆ: ಆ ವರ್ಷ ಅಂಗಡಿ ನಡೆಯುತ್ತಿತ್ತು ಎಂಬುದಕ್ಕಷ್ಟೇ ವಹಿ ಸಾಕ್ಷಿ. ಅದೇ ವರ್ಷ ಆರಂಭವಾಯಿತೆಂದು ಹೇಳಬೇಕಾದರೆ ಮೊದಲ ಪುಟದಲ್ಲಿ ಹಿಂದಿನ ವಹಿಯಿಂದ ತಂದ ಬಾಕಿ ಇದೆಯೇ ಎಂದು ನೋಡಬೇಕು. ಹಿಂದಿನ ಬಾಕಿ ಇದ್ದರೆ ಅಂಗಡಿ ಅದಕ್ಕಿಂತಲೂ ಹಳೆಯದು.

ಉತ್ತರ — ನಿವೃತ್ತ ಕಂದಾಯ ನೌಕರ, ಹುಕ್ಕೇರಿ

ವಿಜಯಪುರದವರು ವಹಿಯ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ಮನೆತನದ ವಿವರ ಬೇಕಾದರೆ ವಹಿ ಬಿಟ್ಟು ಉತಾರದ (ಆಸ್ತಿಯ ಹಕ್ಕುದಾಖಲೆಯ ನಕಲಿನ) ಕಡೆ ಹೋಗಬೇಕು. ಆಗ ನಮ್ಮ ಭಾಗವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1903ರ ಕಾಯ್ದೆಯಿಂದ ಹಕ್ಕುದಾಖಲೆ ಶುರುವಾದದ್ದರಿಂದ ನಮ್ಮ ಜಿಲ್ಲೆಗಳಲ್ಲಿ ಆಮೇಲಿನ ವಾರಸಾ ಡೈರಿಗಳು ಅನೇಕ ಊರುಗಳಿಗೆ ಸಿಗುತ್ತವೆ. ಜಮೀನಿನ ಯಜಮಾನ ತೀರಿಕೊಂಡಾಗ ಬರೆದ ಆ ನೋಂದಣಿಯಲ್ಲಿ ಸತ್ತವರ ಹೆಸರು, ವಾರಸುದಾರರ ಹೆಸರು, ಅನೇಕ ಸಲ ಹೆಂಡತಿಯ ಹೆಸರು ಮತ್ತು ಮಕ್ಕಳ ವಯಸ್ಸು ಇರುತ್ತದೆ. ಈಗಿನ ಪಹಣಿಯ ಮೇಲಿರುವ ಡೈರಿ ನಂಬರಿನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿರಿ. ಒಮ್ಮೆಲೇ ನೂರು ವರ್ಷದ ಹಿಂದಿನ ದಾಖಲೆ ಕೊಡಿರೆಂದು ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಯಲ್ಲಿ ಕೇಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಸರ್ವೆ ನಂಬರು ಮತ್ತು ಡೈರಿ ನಂಬರು ಬರೆದ ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ.

ಪೇಟೆಯ ಗಾಳೆಗೆ ಪಹಣಿ ಇರುವುದಿಲ್ಲ, ಸಿಟಿ ಸರ್ವೆ ಉತಾರ ಇರುತ್ತದೆ. ನಿಮ್ಮ ಹಳೆಯ ಮಳಿಗೆ ಮುಳುಗಡೆಯಾದದ್ದರಿಂದ ಇನ್ನೊಂದು ದಾಖಲೆಯೂ ಉಂಟು: ಭೂಸ್ವಾಧೀನದ ಐತೀರ್ಪು. ಪರಿಹಾರ ಕೊಡುವ ಮುನ್ನ ಆ ಆಸ್ತಿಯಲ್ಲಿ ಯಾರಿಗೆಲ್ಲ ಹಿತಾಸಕ್ತಿ ಇದೆ ಎಂಬುದನ್ನು ವಿಚಾರಿಸಿ ಬರೆದಿರುತ್ತಾರೆ. ಮುಳುಗಡೆ ಕುಟುಂಬಗಳು ಪರಿಹಾರದ ಮೊತ್ತದ ಪುಟವನ್ನಷ್ಟೇ ಜೋಪಾನ ಮಾಡಿ ಉಳಿದದ್ದನ್ನು ಮರೆತಿರುತ್ತವೆ, ಮನೆತನದ ಚರಿತ್ರೆ ಇರುವುದು ಆ ಉಳಿದ ಪುಟಗಳಲ್ಲಿ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ ಆದ್ದರಿಂದ ಅದಕ್ಕೂ ಹಿಂದಿನ ಜಿಲ್ಲಾಮಟ್ಟದ ಕಡತಗಳನ್ನು ವಿಜಯಪುರದಲ್ಲೂ ವಿಚಾರಿಸಿರಿ.

ಮೂಲ ಊರಿನ ಸುಳಿವು ಅಡ್ಡಹೆಸರಿನಲ್ಲಿರಬಹುದು. ಆದರೆ ಊರಲ್ಲಿ ಒಂದು, ಪೇಟೆಗೆ ಬಂದ ಮೇಲೆ ಕಸುಬಿನಿಂದ ಬಂದದ್ದು ಇನ್ನೊಂದು, ಹೀಗೆ ಎರಡು ಅಡ್ಡಹೆಸರು ಹೊತ್ತ ಮನೆತನಗಳು ನಮ್ಮಲ್ಲಿ ಬಹಳ. ಹಿರಿಯರು ಓದಿದ ಕನ್ನಡ ಶಾಲೆಯ ದಾಖಲಾತಿ ರಜಿಸ್ಟರಿನಲ್ಲಿ ಹಳೆಯ ಹೆಸರು ಉಳಿದಿರುತ್ತದೆ. ಊರು ಗೊತ್ತಾದ ಮೇಲೆ ನಿಮ್ಮ ಮನೆತನದ ಹೆಳವರನ್ನು, ಅಂದರೆ ಮನೆಮನೆಗೆ ಬಂದು ವಂಶಾವಳಿ ಹೇಳುವವರನ್ನು, ಹುಡುಕಿರಿ. ನೀವು ಊರು ಬಿಟ್ಟಿದ್ದರೂ ಅವರು ಸುಗ್ಗಿಯ ನಂತರ ಊರಲ್ಲಿ ಉಳಿದ ಅಣ್ಣತಮ್ಮಂದಿರ ಮನೆಗೆ ಬರುತ್ತಿರುತ್ತಾರೆ, ಮತ್ತು ಪೇಟೆ ಸೇರಿದ ಕವಲನ್ನೂ ತಮ್ಮ ಹೊತ್ತಿಗೆಯಲ್ಲಿ ಸೇರಿಸಿಕೊಂಡಿರುವುದುಂಟು. ಅವರು ಹೇಳುವಾಗ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿರಿ, ನಡುವೆ ಬಾಯಿ ಹಾಕಬೇಡಿರಿ, ಕಾಣಿಕೆಯಲ್ಲಿ ಕೈ ಬಿಗಿ ಮಾಡಬೇಡಿರಿ. ಅವರ ಸಾಲು ತಲೆಮಾರುಗಳ ಕ್ರಮಕ್ಕೆ ಬಲವಾದ ಆಧಾರ. ಇಸವಿಗಳಿಗಾಗಿ ಮಾತ್ರ ಕಾಗದವನ್ನೇ ನೋಡಬೇಕು.

ಉತ್ತರ — ಕಿರಾಣಿ ವ್ಯಾಪಾರಿ, ಗೋಕಾಕ

ಹಿರಿಯರ ಮಾತಿಗೆ ಅಡ್ಡ ಬರುತ್ತೇನೆಂದು ತಿಳಿಯಬಾರದು. ಗಿರಾಕಿ ಫಲಕದ ಇಸವಿ ನೋಡಿ ಬರುವುದಿಲ್ಲ, ತೂಕ ಮತ್ತು ದರ ನೋಡಿ ಬರುತ್ತಾನೆ. ನನ್ನ ಮಟ್ಟಿಗೆ ಅಂಗಡಿಯ ಹಳೆತನ ಕೆಲಸಕ್ಕೆ ಬರುವುದು ಒಂದೇ ಕಡೆ: ಮದುವೆಯ ಭಾಂಡೆ ಖರೀದಿ. ಅಜ್ಜಿಯ ಮದುವೆಗೆ ಕೊಡ ಕೊಂಡದ್ದು ಇದೇ ಅಂಗಡಿಯಲ್ಲಿ ಎಂದು ಮನೆಯವರು ನೆನಪಿಸಿಕೊಂಡರೆ ಮೊಮ್ಮಗಳ ಮದುವೆಗೂ ಅಲ್ಲಿಗೇ ಬರುತ್ತಾರೆ. ಹಾಗಾದರೆ ಫಲಕಕ್ಕಿಂತ ಮೊದಲು ಹಳೆ ಗಿರಾಕಿಗಳ ಮನೆಯಲ್ಲಿರುವ, ಹೆಸರು ಮತ್ತು ಇಸವಿ ಕೊರೆದ ಪಾತ್ರೆಗಳನ್ನು ವಿಚಾರಿಸಿರಿ. ಅಂಗಡಿಯ ಹೆಸರೂ ಅದರ ಮೇಲಿದ್ದರೆ ನಿಮಗೆ ಬೇಕಾದ ಸಾಕ್ಷಿ ಅವರ ಅಟ್ಟದ ಮೇಲೇ ಇದೆ.

ಉತ್ತರ — ಲೆಕ್ಕಪತ್ರ ಸಲಹೆಗಾರ್ತಿ, ಬೆಳಗಾವಿ

ರದ್ದಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಜಿಎಸ್‌ಟಿ ಕಾನೂನಿನ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಇಟ್ಟುಕೊಳ್ಳಲೇಬೇಕು, ಮೇಲ್ಮನವಿ ಅಥವಾ ವಿಚಾರಣೆ ನಡೆಯುತ್ತಿದ್ದರೆ ಅದು ಮುಗಿದು ಒಂದು ವರ್ಷ ಕಳೆಯುವ ತನಕವೂ ಇಡಬೇಕು. ಈ ಅವಧಿ ದಾಟಿದ ಖರೀದಿ ಬಿಲ್ಲು, ಸಾಗಾಣಿಕೆ ಚೀಟಿಗಳನ್ನು ಬೇರೆ ಯಾವ ತಕರಾರಿಗೂ ಬೇಕಿಲ್ಲವೆಂದು ನೋಡಿಕೊಂಡು ತೆಗೆಯಬಹುದು. ವರ್ಷಕ್ಕೊಂದು ಖತಾವಣಿ (ಲೆಡ್ಜರ್), ಅಡಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್), ಪಾಲುದಾರಿಕೆ ಪತ್ರ, ಬಾಡಿಗೆ ಕರಾರು ಮತ್ತು ಪರವಾನಿಗೆಗಳನ್ನು ಮಾತ್ರ ಎಂದಿಗೂ ತೆಗೆಯಬಾರದು. ಈಗಿನ ಬಿಲ್ ಯಂತ್ರದಿಂದ ಬರುವ ನುಣುಪು ಕಾಗದದ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸುವುದರಿಂದ ಬೇಕಾದವುಗಳ ಝೆರಾಕ್ಸ್ ಮಾಡಿಸಿಡಿರಿ. ನಿಮ್ಮ ಮುತ್ಯಾನವರ ಮಸಿ ನೂರು ವರ್ಷ ಬಾಳಿದೆ, ನಿಮ್ಮ ಬಿಲ್ಲು ಮುಂದಿನ ದೀಪಾವಳಿಯನ್ನೂ ಕಾಣಲಾರದು.

ಇಸವಿಯ ಹುಡುಕಾಟಕ್ಕೂ ಈ ಪರವಾನಿಗೆಗಳು ಬೇಕು. 1932ರ ಪಾಲುದಾರಿಕೆ ಕಾಯ್ದೆಯಡಿ ಅಂಗಡಿ ನೋಂದಣಿಯಾಗಿದ್ದರೆ ಅದರ ನಕಲು ಪಡೆಯಬಹುದು. 1946ರ ಮುಂಬಯಿ ಮಾರಾಟ ತೆರಿಗೆಯ ಪಾವತಿ ಅಥವಾ 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಟ್ರಂಕಿನಲ್ಲಿ ಸಿಕ್ಕರೂ ಸಿಗಬಹುದು.

ಉದ್ರಿ ವಹಿಯ ಬಗ್ಗೆ ಎರಡು ಮಾತು. ಹೊತ್ತುಮೀರಿದ ಉದ್ರಿಯನ್ನು ನ್ಯಾಯಾಲಯದಲ್ಲಿ ಕೇಳಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ಆ ಅವಧಿಯೊಳಗೆ ಗಿರಾಕಿ ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಮಾಡಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಆದ್ದರಿಂದ ದೀಪಾವಳಿಗೆ ಬಾಕಿ ತಿರುವುವಾಗ ಸಹಿ ಪಡೆಯುವ ರೂಢಿ ಇಟ್ಟುಕೊಳ್ಳಿರಿ. ಹಳೆಯ ವಹಿಯನ್ನು ಅಂಗಡಿಯಲ್ಲಿ ಪ್ರದರ್ಶನಕ್ಕಿಡುವ ವಿಚಾರವಿದ್ದರೆ ಉದ್ರಿಯ ಪುಟವನ್ನು ತೆರೆದಿಡಬೇಡಿರಿ. ಯಾರದೋ ಅಜ್ಜ ತೀರಿಸದೆ ಹೋದ ಮೂರು ರೂಪಾಯಿಯನ್ನು ಅವರ ಮೊಮ್ಮಕ್ಕಳು ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ಓದುವುದು ಸರಿಯಲ್ಲ.

ಇನ್ನು ಹೆಳವರ ವಂಶಾವಳಿಯನ್ನು ನಾಡಕಚೇರಿಯ ಅರ್ಜಿಗೆ ಹಾಗೆಯೇ ನಕಲು ಮಾಡಬೇಡಿರಿ. ಅದು ಸಾಮಾನ್ಯವಾಗಿ ಗಂಡುಮಕ್ಕಳ ಸಾಲು. ಕಚೇರಿಗೆ ಕೊಡುವ ವಂಶಾವಳಿಯಲ್ಲಿ ಹೆಣ್ಣುಮಕ್ಕಳೆಲ್ಲರ ಹೆಸರೂ ಇರಬೇಕು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ನಿಮ್ಮ ಸೋದರತ್ತೆಯವರ ಹೆಸರು ಅದರಲ್ಲಿದೆಯೇ ಎಂದು ಇಂದೇ ನೋಡಿಕೊಳ್ಳಿರಿ.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರ ಉಪಕಾರ ದೊಡ್ಡದು. ವಿಭವದ ವಹಿಯಲ್ಲಿ “ಜರ್ಮನ್ ಡಬರಿ” ಎಂಬ ಸಾಲು ಎರಡನೆಯ ಪುಟದಲ್ಲೇ ಸಿಕ್ಕಿತು. ಮೊದಲ ಪುಟದಲ್ಲಿ ಹಿಂದಿನ ವಹಿಯ ಬಾಕಿಯೂ ಇದೆ, ಆದರೆ ಆ ಹಿಂದಿನ ವಹಿ ನಮ್ಮ ಬಳಿ ಇಲ್ಲ. ಹಾಗಾದರೆ ಫಲಕದ ಮೇಲೆ 1928 ಎಂದು ಬರೆಸಿದರೆ ತಪ್ಪಾಗುತ್ತದೆಯೇ?

ಉತ್ತರ — ಹಳೆ ಲೆಕ್ಕ ಪುಸ್ತಕಗಳ ಆಸಕ್ತ, ವಿಜಯಪುರ

“ಸ್ಥಾಪನೆ 1928” ಎಂದರೆ ತಪ್ಪಾಗುತ್ತದೆ, “1928ಕ್ಕೂ ಮುಂಚಿನಿಂದ” ಎಂದರೆ ಸರಿ. ಆ ಎರಡು ಪುಟಗಳ ಫೋಟೋವನ್ನು ಕಾಕಾ ಮತ್ತು ಸೋದರತ್ತೆ ಇಬ್ಬರಿಗೂ ಕಳುಹಿಸಿ, ಅಷ್ಟು ಬಾಕಿ ಏರಲು ಎಷ್ಟು ಕಾಲದ ವ್ಯಾಪಾರ ನಡೆದಿರಬೇಕೆಂದು ಕೇಳಿರಿ. ವಾರಸಾ ಡೈರಿಯಲ್ಲಿ ಮುತ್ಯಾನವರ ವಯಸ್ಸು ಸಿಕ್ಕಿತೆಂದರೆ 1928ರ ಪಾಡ್ಯಕ್ಕೆ ಅವರು ಗಾದಿಯ ಮೇಲೆ ಕೂರುವ ಪ್ರಾಯದವರೋ ಶಾಲೆಗೆ ಹೋಗುವ ಪ್ರಾಯದವರೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಫಲಕ ಬರೆಯುವವರಿಗೆ ಅಲ್ಲಿಯವರೆಗೆ ಮುಂಗಡ ಕೊಡಬೇಡಿರಿ.