ಪದಚರ್ಚೆ: ಇಟ್ಟಲ್ಲೇ ಬ್ಯಾಟರಿ ‘ಸೋರುತ್ತದೆ’ ಎನ್ನಬಹುದೇ?

ಪ್ರಶ್ನೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಮದುವೆ, ಮುಂಜಿ, ಯಕ್ಷಗಾನ ಅಂತ ಕ್ಯಾಮೆರಾ ಹೊತ್ತು ತಿರುಗುವ ಹುಡುಗರಿಗೆ ಕೊಡಲು ಬ್ಯಾಟರಿ ಬಳಕೆಯ ಬಗ್ಗೆ ಒಂದು ಹಾಳೆಯ ಸೂಚನೆ ತಯಾರಾಗುತ್ತಿದೆ. ಕರಡಿನಲ್ಲಿ ಹೀಗೊಂದು ವಾಕ್ಯ ಇದೆ: ‘ಬಳಸದೇ ಇಟ್ಟ ಬ್ಯಾಟರಿಯೂ ನಿಧಾನವಾಗಿ ಸೋರುತ್ತದೆ. ಸೋರಿದ ಬ್ಯಾಟರಿಯನ್ನು ಮರುಪೂರಣ ಮಾಡಿ ಬಳಸಿರಿ.’ ಇದನ್ನು ಓದಿದವರೊಬ್ಬರು ‘ಹಾಗಾದರೆ ಬಿಳಿ ಪುಡಿ ಬಂದ ಸೆಲ್ಲನ್ನೂ ಚಾರ್ಜಿಗೆ ಹಾಕಬಹುದಾ?’ ಎಂದು ಕೇಳಿದರು. ಸೆಲ್ಫ್ ಡಿಸ್ಚಾರ್ಜ್ (ಬಳಸದೇ ಇಟ್ಟರೂ ಚಾರ್ಜ್ ಕಡಿಮೆಯಾಗುವುದು) ಎಂಬುದಕ್ಕೆ ‘ಸೋರಿಕೆ’ ಸರಿಯೇ? ಡಿಸ್ಚಾರ್ಜಿಗೆ ಪಠ್ಯಪುಸ್ತಕದ ‘ವಿಸರ್ಜನೆ’ ಹಾಕಿದರೆ ಹೇಗೆ? ಸೆಲ್, ಬ್ಯಾಟರಿ, ಕೋಶ ಇವುಗಳಲ್ಲಿ ಯಾವುದು? ಹಾಗೇ, ಕೆಟ್ಟ ಬ್ಯಾಟರಿ ‘ಉಬ್ಬುವುದೋ’ ‘ಬಾತುಕೊಳ್ಳುವುದೋ’? ತಿಳಿದವರು ಹೇಳಬೇಕು.

ಉತ್ತರ (ಶಿರಸಿ)

ಮಾಸ್ತರ್ರೆ, ನಿಮ್ಮ ಓದುಗರು ಕೇಳಿದ್ದೇ ಸರಿ, ವಾಕ್ಯ ತಪ್ಪು. ಕನ್ನಡದಲ್ಲಿ ಸೋರುವುದು ಎಂದರೆ ಕಣ್ಣಿಗೆ ಕಾಣುವ ಏನೋ ಒಂದು ಹೊರಗೆ ಬರುವುದು. ಮಾಡು ಸೋರುತ್ತದೆ, ಕೊಡ ಸೋರುತ್ತದೆ. ಸೆಲ್ಲಿನ ವಿಷಯದಲ್ಲೂ ಆ ಪದವನ್ನು ಅದೊಂದಕ್ಕೇ ಮೀಸಲಿಡಿ: ಒಳಗಿನ ರಸ ಹೊರಬಂದರೆ ಅದು ಸೋರಿಕೆ, ಆ ಸೆಲ್ಲಿನ ಆಯುಷ್ಯ ಅಲ್ಲಿಗೆ ಮುಗಿಯಿತು, ಅದನ್ನು ಚಾರ್ಜಿಗೆ ಹಾಕುವ ಮಾತೇ ಇಲ್ಲ. ಸುಮ್ಮನೆ ಇಟ್ಟಾಗ ಚಾರ್ಜ್ ಕಡಿಮೆಯಾಗುವುದಕ್ಕೆ ಎಲ್ಲರ ಬಾಯಲ್ಲಿ ಇರುವ ಪದ ‘ಇಳಿಯುವುದು’. ‘ಚಾರ್ಜ್ ಇಳಿದಿದೆ’ ಎಂದರೆ ಅಂಗಡಿಯವನಿಗೂ ಗೊತ್ತು, ಅಜ್ಜಿಗೂ ಗೊತ್ತು. ಸೆಲ್ಫ್ ಡಿಸ್ಚಾರ್ಜಿಗೆ ‘ಇಟ್ಟಲ್ಲೇ ಇಳಿಯುವುದು’ ಎಂದು ಬರೆದರೆ ಸಾಕು.

‘ವಿಸರ್ಜನೆ’ ಬೇಡ. ನಮ್ಮಲ್ಲಿ ಆ ಮಾತು ಕೇಳಿದರೆ ನೆನಪಾಗುವುದು ಚೌತಿಯ ಗಣಪತಿ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಡಿಸ್ಚಾರ್ಜ್ ಎಂಬ ಒಂದೇ ಪದದ ಕೆಳಗೆ ಮೂರು ಬೇರೆ ಸಂಗತಿಗಳು ಅಡಗಿವೆ: ಬಳಸಿ ಖರ್ಚಾಗುವುದು, ಇಟ್ಟಲ್ಲೇ ಇಳಿಯುವುದು, ಇಳಿಯಬಾರದ ಮಟ್ಟಕ್ಕಿಂತ ಕೆಳಗೆ ಹೋಗುವುದು. ಮೊದಲನೆಯದು ಸಹಜ, ಎರಡನೆಯದನ್ನು ತಡೆಯಲಾಗದು, ಮೂರನೆಯದು ಅಪಾಯ. ಮೂರಕ್ಕೂ ಒಂದೇ ಪದ ಹಾಕಿದ್ದರಿಂದಲೇ ‘ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು’ ಎಂಬ ಹಳೆ ನಂಬಿಕೆ ಇನ್ನೂ ಜೀವಂತ ಇದೆ. ಅದು ನಿಕಲ್ ಕ್ಯಾಡ್ಮಿಯಂ ಸೆಲ್ಲಿನ ಕಾಲದ ಮಾತು. ಅರ್ಧಕ್ಕೇ ಮತ್ತೆಮತ್ತೆ ಚಾರ್ಜ್ ಮಾಡಿದರೆ ಆ ಸೆಲ್ಲುಗಳ ವೋಲ್ಟೇಜ್ ಬೇಗ ಕುಸಿಯುತ್ತಿತ್ತು. ಅದನ್ನೇ ‘ಮೆಮೊರಿ’ ಎನ್ನುತ್ತಿದ್ದರು. ಸೋನಿಯವರು 1991ರಲ್ಲಿ ಮಾರುಕಟ್ಟೆಗೆ ತಂದ, ಈಗ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವ ಲಿಥಿಯಂ ಅಯಾನ್ ಬ್ಯಾಟರಿಗೆ ಆ ಗೊಡವೆ ಇಲ್ಲ. ಅದಕ್ಕೆ ಪೂರ್ತಿ ಖಾಲಿಯಾಗುವುದೇ ಕೆಡುಕು.

ಏಕೆಂದರೆ, ಕ್ಯಾಮೆರಾದ ಚೌಕಾಕಾರದ ಬ್ಯಾಟರಿಯ ಒಳಗೆ ಸಾಮಾನ್ಯವಾಗಿ ಎರಡು ಸೆಲ್ ಸಾಲಾಗಿ ಇರುತ್ತವೆ. ಒಂದೊಂದು ಪೂರ್ತಿ ತುಂಬಿದಾಗ 4.2 ವೋಲ್ಟ್, ಎರಡೂ ಸೇರಿ 8.4. ಒಂದು ಸೆಲ್ಲು ಸುಮಾರು 3 ವೋಲ್ಟಿಗೆ ಬರುವ ಮುಂಚೆ ಕ್ಯಾಮೆರಾ ತಾನಾಗಿ ನಿಲ್ಲುತ್ತದೆ. ಅಲ್ಲಿಗೆ ನಿಂತ ಬ್ಯಾಟರಿಯನ್ನು ಮಳೆಗಾಲ ಪೂರ್ತಿ ಹಾಗೇ ಬಿಟ್ಟರೆ, ಉಳಿದ ಚೂರೂ ಇಟ್ಟಲ್ಲೇ ಇಳಿಯುತ್ತದೆ. 2 ವೋಲ್ಟಿನ ಆಸುಪಾಸಿಗೆ ಹೋದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜಿಗೆ ಹಾಕಿದಾಗ ಅದೇ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗುತ್ತದೆ. ಇಂಥ ಬ್ಯಾಟರಿಯನ್ನು ಚಾರ್ಜರ್ ಒಪ್ಪುವುದಿಲ್ಲ, ಲೈಟ್ ಪಟಪಟ ಮಿನುಗುತ್ತದೆ. ಬೇರೆ ಬ್ಯಾಟರಿಯಿಂದ ಎರಡು ವೈರ್ ಎಳೆದು ‘ಎಬ್ಬಿಸುವ’ ಉಪಾಯ ಕೆಲವರು ಹೇಳಿಕೊಡುತ್ತಾರೆ. ಮಾಡಬಾರದು. ಚಾರ್ಜರ್ ಬೇಡ ಎಂದದ್ದಕ್ಕೆ ಕಾರಣ ಇದೆ. ಹಾಳೆಯಲ್ಲಿ ಇದಕ್ಕೆ ‘ತಳ ಮುಟ್ಟಿದ ಬ್ಯಾಟರಿ’ ಎಂದು ಬರೆಯಿರಿ, ‘ಖಾಲಿ’ ಎನ್ನಬೇಡಿ. ಖಾಲಿಯಾದದ್ದನ್ನು ತುಂಬಬಹುದು, ತಳ ಮುಟ್ಟಿದ್ದನ್ನು ತುಂಬಬಾರದು.

ಎತ್ತಿಡುವ ಮಾತು ಬಂದಾಗ ‘ಅರ್ಧ’ ಎಂಬ ಪದವನ್ನು ದಪ್ಪ ಅಕ್ಷರದಲ್ಲಿ ಹಾಕಿ. ತಿಂಗಳುಗಟ್ಟಲೆ ಇಡುವ ಲಿಥಿಯಂ ಬ್ಯಾಟರಿ ಶೇ. 40ರಿಂದ 60ರಷ್ಟು ಚಾರ್ಜಿನಲ್ಲಿ, ಕ್ಯಾಮೆರಾದಿಂದ ಹೊರಗೆ, ತಣ್ಣನೆಯ ಒಣ ಜಾಗದಲ್ಲಿ ಇರಬೇಕು. ಕ್ಯಾಮೆರಾದ ಒಳಗೇ ಬಿಟ್ಟರೆ, ಸ್ವಿಚ್ ಆಫ್ ಇದ್ದರೂ ಬ್ಲೂಟೂತ್, ಗಡಿಯಾರ ಅಂತ ಅದು ಸ್ವಲ್ಪಸ್ವಲ್ಪ ತಿನ್ನುತ್ತಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ನೋಡಿ, ತೀರ ಕೆಳಗೆ ಹೋಗಿದ್ದರೆ ಮತ್ತೆ ಅರ್ಧಕ್ಕೆ ತರಬೇಕು. ಪೂರ್ತಿ ತುಂಬಿ, ಬಿಸಿ ಜಾಗದಲ್ಲಿ ಇಟ್ಟದ್ದು ಎಲ್ಲಕ್ಕಿಂತ ಬೇಗ ಮುದಿಯಾಗುತ್ತದೆ. ಘಟ್ಟದ ಮೇಲಿನವರಿಗೆ ಒಂದು ಮಾತು ಸೇರಿಸಿ: ಆಷಾಢದ ಥಂಡಿಗೆ ಹೆದರಿ ಕ್ಯಾಮೆರಾ ಚೀಲವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿ ಇದೆ. ಅಡಿಕೆಗೆ ಅದು ಸರಿ, ಬ್ಯಾಟರಿಗೆ ಅಲ್ಲ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಅಷ್ಟೇ ಸಾಕು. ಬಣ್ಣ ಬದಲಾಗುವ ಜೆಲ್ ಆದರೆ ಯಾವಾಗ ಒಣಗಿಸಬೇಕೆಂದು ಅದೇ ಹೇಳುತ್ತದೆ. ಫ್ರಿಜ್ಜಿನಲ್ಲಿ ಇಡುವವರು ಹೊರತೆಗೆದ ಕೂಡಲೇ ಡಬ್ಬಿಯ ಮುಚ್ಚಳ ತೆಗೆಯಬಾರದು. ಕೋಣೆಯ ಬಿಸಿಗೆ ಬರುವ ತನಕ ಕಾಯದಿದ್ದರೆ ಲೋಹದ ಮೇಲೆ ನೀರಹನಿ ಕೂರುತ್ತದೆ.

ಸೆಲ್, ಬ್ಯಾಟರಿ ವಿಚಾರ. ನಮ್ಮ ಕಡೆ ಹಳಬರು ‘ಬ್ಯಾಟ್ರಿ’ ಎನ್ನುವುದು ಟಾರ್ಚಿಗೆ, ಅದರ ಒಳಗೆ ಹಾಕುವುದಕ್ಕೆ ‘ಶೆಲ್ಲು’. ಅದೇ ಬಳಕೆ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಫ್ಲಾಶಿಗೆ ಹಾಕುವ ಉದ್ದುರುಟಾದದ್ದು ‘ಸೆಲ್’, ಕ್ಯಾಮೆರಾಕ್ಕೆ ಹಾಕುವ ಮುಚ್ಚಿದ ಕಟ್ಟು ‘ಬ್ಯಾಟರಿ’. ‘ವಿದ್ಯುತ್ಕೋಶ’ ತಪ್ಪಲ್ಲ, ಆದರೆ ಅದನ್ನು ಪರೀಕ್ಷೆಯ ಉತ್ತರಪತ್ರಿಕೆಗೆ ಬಿಟ್ಟುಬಿಡೋಣ. ‘ಮರುಪೂರಣ’ವೂ ಹಾಗೇ. ‘ರೀಚಾರ್ಜ್’ ಎಂದರೆ ಈಗ ಮೊಬೈಲಿಗೆ ದುಡ್ಡು ಹಾಕಿಸುವುದು. ‘ಚಾರ್ಜಿಗೆ ಹಾಕು’ ಎನ್ನುವುದೇ ನೇರ.

‘ಉಬ್ಬು’ ಸರಿ. ಬಾತುಕೊಳ್ಳುವುದು ಮೈಗೆ, ಕಾಲಿಗೆ, ನೆನೆದ ಮರಕ್ಕೆ. ಇಲ್ಲಿ ಒಳಗಿನ ರಸ ಕೆಟ್ಟು ಅನಿಲವಾಗಿ, ಚಪ್ಪಟೆ ಬದಿ ಹೊರಕ್ಕೆ ತಳ್ಳಲ್ಪಡುತ್ತದೆ. ಗುರುತು ಸುಲಭ: ಮೇಜಿನ ಮೇಲೆ ಮಲಗಿಸಿ ತಿರುಗಿಸಿದರೆ ಬುಗುರಿಯಂತೆ ಸುತ್ತುತ್ತದೆ, ಕ್ಯಾಮೆರಾಕ್ಕೆ ಹಾಕಿದ್ದು ಹೊರಬರಲು ಹಠ ಮಾಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಬಾರದು, ಒತ್ತಿ ಚಪ್ಪಟೆ ಮಾಡಬಾರದು, ಚುಚ್ಚಿ ಗಾಳಿ ತೆಗೆಯುವುದಂತೂ ನೇರ ಬೆಂಕಿಗೆ ಕರೆ. ಹೊರಬಂದದ್ದನ್ನು ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಟ್ಟು ಮನೆಯ ಹೊರಗಿಟ್ಟು, ತುದಿಗಳಿಗೆ ಟೇಪ್ ಹಚ್ಚಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು. ಕಸದ ಗಾಡಿಗೆ ಹಾಕಿದರೆ ಅಲ್ಲಿ ಅದು ಜಜ್ಜಿಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ.

ಸೇರಿಕೆ (ಕುಮಟಾ)

ಮೇಲಿನವರು ಹೇಳಿದ್ದಕ್ಕೆ ಕರಾವಳಿಯ ಕಡೆಯಿಂದ ನಾಲ್ಕು ಮಾತು.

ಕರಡಿನಲ್ಲಿ ಎಲ್ಲೆಡೆ ‘ತುಕ್ಕು’ ಎಂದಿದ್ದರೆ ತಿದ್ದಿ. ತುಕ್ಕು ಕಬ್ಬಿಣಕ್ಕೆ. ತಾಮ್ರ, ಹಿತ್ತಾಳೆಯ ತುದಿಯಲ್ಲಿ ಹಸಿರಾಗಿ ಕೂರುವುದು ಕಿಲುಬು. ಸೆಲ್ಲಿನ ಬಾಯಲ್ಲಿ ಬಿಳಿ ಪುಡಿ ಕಂಡರೆ ಅದು ಸೋರಿದ ಕ್ಷಾರ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಗಾಳಿ ತಾಗಿ ಪುಡಿಯಾದದ್ದು. ಮೂರಕ್ಕೂ ಮದ್ದು ಬೇರೆ. ಕ್ಷಾರಕ್ಕೆ ನಿಂಬೆರಸ ಇಲ್ಲವೇ ವಿನೆಗರ್ ಅದ್ದಿದ ಹತ್ತಿಕಡ್ಡಿ, ಕೈಗೆ ಗ್ಲೌಸ್, ಕಣ್ಣಿಗೆ ತಾಗದ ಹಾಗೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸುವುದು. ಕಡಲಗಾಳಿಯ ಉಪ್ಪಿಗೆ ಆಲ್ಕೋಹಾಲ್ ಒರೆಸಿದರೆ ಸಾಕು. ಮರಳುಕಾಗದ ಮುಟ್ಟಿಸಬೇಡಿ: ಕ್ಯಾಮೆರಾ ಬ್ಯಾಟರಿಯ ತುದಿಯಲ್ಲಿರುವ ಚಿನ್ನದ ತೆಳುಲೇಪ ಒಂದೇ ಉಜ್ಜಿಗೆ ಹೋಗುತ್ತದೆ, ನಂತರ ಕಿಲುಬು ಹಿಡಿಯುವುದಕ್ಕೆ ತಡೆಯೇ ಇಲ್ಲ.

ಸಮುದ್ರದ ನೀರಿಗೆ ಬಿದ್ದ ಬ್ಯಾಟರಿಗೆ ಪ್ರತ್ಯೇಕ ಸಾಲು ಬೇಕು. ‘ಒದ್ದೆಯಾದರೆ ಒಣಗಿಸಿ ಬಳಸಿ’ ಎಂಬುದು ಇಲ್ಲಿ ನಡೆಯದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ಒಳಗಿನ ಪುಟ್ಟ ರಕ್ಷಣಾ ಸರ್ಕಿಟ್ ತಿಂದುಹೋಗಿ ಎಷ್ಟೋ ತಾಸು ಕಳೆದ ಮೇಲೆ ಬಿಸಿಯಾಗಬಹುದು. ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟು ಮಲಗುವುದು ಬೇಡ. ಹೊರಗೆ ಸಿಮೆಂಟಿನ ಮೇಲೆ, ಸುತ್ತ ಉರಿಯುವ ಸಾಮಾನಿಲ್ಲದಲ್ಲಿ ಇಟ್ಟು ವಿಲೇವಾರಿ ಮಾಡಬೇಕು. ಬೇಸಿಗೆಯಲ್ಲಿ ನಿಮ್ಮ ಕಾರವಾರದ ಟ್ಯಾಗೋರ್ ಕಡಲತೀರದ ಬಳಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟಬಹುದು. ಅಲ್ಲಿ ಕಾದ ಬ್ಯಾಟರಿಯನ್ನು ಬಂದ ಕೂಡಲೇ ಚಾರ್ಜಿಗೆ ಹಾಕಬಾರದು. ಸಾಮಾನ್ಯವಾಗಿ ಚಾರ್ಜಿಂಗಿನ ಮೇಲ್ಮಿತಿ 45 ಡಿಗ್ರಿ.

‘ಪವರ್ ಜಾಸ್ತಿ’ ಎಂಬ ಮಾತೂ ದಾರಿ ತಪ್ಪಿಸುತ್ತದೆ. ಸೆಲ್ಲಿನ ಮೇಲಿನ ಎಂಎಎಚ್ (ಮಿಲಿ ಆಂಪಿಯರ್ ಅವರ್) ಎಷ್ಟು ಹಿಡಿಯುತ್ತದೆ ಎಂಬುದನ್ನು ಹೇಳುತ್ತದೆ, ಎಷ್ಟು ಜೋರು ಎಂಬುದನ್ನಲ್ಲ. ಅದಕ್ಕೆ ‘ಹಿಡಿತ’ ಅನ್ನೋಣ ಎಂದರೆ ಕೈಹಿಡಿತ ಆಗಿಬಿಡುತ್ತದೆ. ‘ಸಾಮರ್ಥ್ಯ’ ಎನ್ನುವುದೇ ಇದ್ದದ್ದರಲ್ಲಿ ವಾಸಿ. ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ವಿಮಾನ ಹತ್ತುವವರಿಗೆ ವ್ಯಾಟ್ ಅವರ್ (ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಇದೆ ಎಂಬ ಲೆಕ್ಕ) ಬೇಕು: ವೋಲ್ಟನ್ನು ಎಂಎಎಚ್‌ನಿಂದ ಗುಣಿಸಿ 1000ದಿಂದ ಭಾಗಿಸುವುದು. 7.2 ವೋಲ್ಟ್, 2280 ಎಂಎಎಚ್ ಬ್ಯಾಟರಿ ಎಂದರೆ 16.4. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ 1000 ವ್ಯಾಟ್ ಅವರ್, ಇದು ಅದರ ಒಂದು ಚೂರು. ವಿಮಾನದಲ್ಲಿ 100ರವರೆಗಿನದಕ್ಕೆ ಅನುಮತಿ ಕೇಳಬೇಕಾಗಿಲ್ಲ, ಆದರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ತುದಿಗೆ ಮುಚ್ಚಳ ಅಥವಾ ಟೇಪ್ ಇರಲಿ. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆಗೆ ಹಾಕಿದರೆ ಶಾರ್ಟ್ ಆಗಿ ತೊಡೆ ಸುಡುತ್ತದೆ.

ಮರುಪ್ರಶ್ನೆ (ಕಾರವಾರ)

ಉಪಕಾರವಾಯಿತು. ಫ್ಲಾಶಿನ ಸೆಲ್ಲಿನ ಬಗ್ಗೆ ಇನ್ನೂ ಗೊಂದಲ. ಅಂಗಡಿಯಲ್ಲಿ ‘ಪೆನ್ಸಿಲ್ ಸೆಲ್’ ಎಂದು ಕೇಳಿದರೆ ಏನೇನೋ ಕೊಡುತ್ತಾರೆ. ‘ಜೋಡಿ’ ಎನ್ನಬೇಕೋ ‘ಸೆಟ್’ ಎನ್ನಬೇಕೋ?

ಉತ್ತರ (ಶಿರಸಿ)

‘ಗಡಿಯಾರದ ಸೆಲ್’ ಎಂದರೆ ಎಎ, ‘ರಿಮೋಟ್ ಸೆಲ್’ ಎಂದರೆ ಎಎಎ; ಇದು ಎಲ್ಲ ಅಂಗಡಿಯಲ್ಲೂ ನಡೆಯುತ್ತದೆ. ಆದರೆ ಗಾತ್ರ ಒಂದೇ ಇದ್ದ ಮಾತ್ರಕ್ಕೆ ಸೆಲ್ ಒಂದೇ ಅಲ್ಲ ಎಂದು ಹಾಳೆಯಲ್ಲಿ ಒತ್ತಿ ಬರೆಯಿರಿ. ಬಿಸಾಡುವ ಆಲ್ಕಲೈನ್ 1.5 ವೋಲ್ಟ್. ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ 1.2. ಅದೇ ಗಾತ್ರದ 14500 ಎಂಬ ಲಿಥಿಯಂ ಸೆಲ್ 3.7! ನಾಲ್ಕನ್ನು ಫ್ಲಾಶಿಗೆ ಹಾಕಿದರೆ ಸುಮಾರು 15 ವೋಲ್ಟ್, ಫ್ಲಾಶ್ ಸುಟ್ಟಿತು. ಹಾಗೆಯೇ ಹೈಡ್ರೈಡ್ ಚಾರ್ಜರಿಗೆ ಆಲ್ಕಲೈನ್ ಹಾಕಿದರೆ ಸೋರುತ್ತದೆ. ಇಲ್ಲಿ ‘ಸೋರುವುದು’ ಸರಿಯಾದ ಪದ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಾಡಿನಲ್ಲಿ ಮರಕ್ಕೆ ಕಟ್ಟುವ, ಪ್ರಾಣಿ ಸುಳಿದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪಿಗೆ ಎಂಟು ಹೈಡ್ರೈಡ್ ಸೆಲ್ ಸಾಲಾಗಿ ಹಾಕಿದರೆ 12ರ ಬದಲು 9.6 ವೋಲ್ಟ್. ಹಾಗಾಗಿ ಕೆಲವು ಮಾದರಿಗಳು ತುಂಬಿದ ಸೆಲ್ಲಿಗೂ ‘ಬ್ಯಾಟರಿ ಕಡಿಮೆ’ ಎನ್ನುತ್ತವೆ. ಸೆಲ್ ಕೆಟ್ಟಿದೆ ಎಂದು ಎಸೆಯಬೇಡಿ.

ಹೈಡ್ರೈಡ್ ಸೆಲ್ ಕೊಳ್ಳುವಾಗ ‘ಕಡಿಮೆ ಇಳಿಯುವ’ ನಮೂನೆ ಕೇಳಿ. ಹಳೆ ನಮೂನೆ ತಿಂಗಳಲ್ಲಿ ಶೇ. 20–30 ಇಟ್ಟಲ್ಲೇ ಇಳಿಯುತ್ತಿತ್ತು, ಸೆಕೆಗೆ ಇನ್ನೂ ಬೇಗ. ಸ್ಯಾನ್ಯೊ 2005ರಲ್ಲಿ ಎನೆಲೂಪ್ ತಂದ ಮೇಲೆ ವರ್ಷ ಕಳೆದರೂ ಮುಕ್ಕಾಲಿಗಿಂತ ಹೆಚ್ಚು ಉಳಿಯುವ ಸೆಲ್ ಬಂದವು. ಚಾರ್ಜರ್ ವಿಷಯದಲ್ಲಿ ‘ನಿಧಾನ ಒಳ್ಳೆಯದು’ ಎಂಬ ಮಾತು ಅರ್ಧ ನಿಜ. ಸೆಲ್ ತುಂಬಿದಾಗ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಕುಸಿಯುತ್ತದೆ, ಚತುರ ಚಾರ್ಜರ್ ಅದನ್ನು ನೋಡಿ ನಿಲ್ಲಿಸುತ್ತದೆ. ಕರೆಂಟ್ ತೀರ ಕಡಿಮೆ ಇಟ್ಟರೆ ಆ ಕುಸಿತ ಕಾಣದೆ ಚಾರ್ಜರ್ ಮುಂದುವರಿದು ಸೆಲ್ ಬೇಯುತ್ತದೆ. 2000 ಎಂಎಎಚ್ ಸೆಲ್ಲಿಗೆ 1000 ಮಿಲಿ ಆಂಪಿಯರ್ ಆದರೆ ಎರಡು ತಾಸಿನ ಮೇಲೆ ಸ್ವಲ್ಪ, ಅದು ಹದ. ತಾನಾಗಿ ನಿಲ್ಲದ 200 ಮಿಲಿ ಆಂಪಿಯರಿನ ಅಗ್ಗದ ಚಾರ್ಜರಾದರೆ 14ರಿಂದ 16 ತಾಸಿಗೆ ಕೈಯಾರೆ ತೆಗೆಯಬೇಕು. ಸೆಲ್ ಬೆಚ್ಚಗಾಗುವುದು ಸಹಜ. ಮುಟ್ಟಿ ಹಿಡಿಯಲಾಗದಷ್ಟು ಸುಟ್ಟರೆ ಚಾರ್ಜರ್ ಬದಲಿಸಿ.

‘ಸೆಟ್’ ಎನ್ನಿ. ಜೋಡಿ ಎಂದರೆ ಎರಡೇ, ಫ್ಲಾಶಿಗೆ ಬೇಕಾದದ್ದು ನಾಲ್ಕು. ನಾಲ್ಕೂ ಒಂದೇ ಕಂಪನಿ, ಒಂದೇ ಸಾಮರ್ಥ್ಯ, ಒಂದೇ ವಯಸ್ಸಿನವು. ಒಂದು ಮುದಿ ಸೆಲ್ ಸೇರಿದರೆ ಅದು ಮೊದಲು ಖಾಲಿಯಾಗುತ್ತದೆ, ಉಳಿದ ಮೂರು ಅದರೊಳಗೆ ಉಲ್ಟಾ ಕರೆಂಟ್ ಹಾಯಿಸಿ ಕೊಂದೇಬಿಡುತ್ತವೆ. ಸೆಟ್ ಬೆರೆಯದಂತೆ ಅ1, ಅ2, ಅ3, ಅ4, ಮುಂದಿನ ಸೆಟ್ಟಿಗೆ ಆ1, ಆ2 ಎಂದು ಮಾರ್ಕರಿನಲ್ಲಿ ಬರೆದರೆ ಸಾಕು. ದಪ್ಪ ಕಾಗದದ ಲೇಬಲ್ ಅಂಟಿಸಿದರೆ ಸೆಲ್ ಫ್ಲಾಶಿನ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬರೆಯುವಾಗಲೇ ಪ್ಲಾಸ್ಟಿಕ್ ಹೊದಿಕೆಯನ್ನೂ ನೋಡಿ: ಹೈಡ್ರೈಡ್ ಸೆಲ್ಲಿನ ಡಬ್ಬ ಪೂರ್ತಿ ಮೈನಸ್, ಪ್ಲಸ್ ಗುಂಡಿ ಅದರಿಂದ ಕೂದಲೆಳೆಯಷ್ಟು ದೂರ. ಗುಂಡಿಯ ಸುತ್ತಲಿನ ಹೊದಿಕೆ ಹರಿದಿದ್ದರೆ ಆ ಸೆಲ್ ಬಳಸಬೇಡಿ.