ಸಂಜೆ ಬಿಟ್ಟ ಉಬ್ಬಸ ರಾತ್ರಿ ಮತ್ತೆ ಹಿಡಿಯುವುದೇಕೆ? ಮಾಸ್ಟ್ ಕೋಶ, ಇಯೊಸಿನೊಫಿಲ್ ಬಗ್ಗೆ ಗೊಂದಲ

ಎರಡನೇವರ್ಷ:
ಧೂಳುಹುಳದ ಅಲರ್ಜಿ ಇರುವವರಿಗೆ ಹಾಸಿಗೆ ಕೊಡವಿದ ಹತ್ತು-ಹದಿನೈದು ನಿಮಿಷದಲ್ಲಿ ಎದೆ ಬಿಗಿಯುತ್ತದೆ, ಸಾಲ್ಬ್ಯುಟಮಾಲ್ ಪಫ್ ತೆಗೆದುಕೊಂಡರೆ ಬಿಡುತ್ತದೆ. ಆರೇಳು ತಾಸಾದ ಮೇಲೆ, ಧೂಳಿನ ಹತ್ತಿರಕ್ಕೂ ಹೋಗದಿದ್ದರೂ, ಮತ್ತೆ ಉಬ್ಬಸ. ಪಠ್ಯದಲ್ಲಿ ನೋಡಿದರೆ ಅಲರ್ಜನ್ (ಅಲರ್ಜಿ ಎಬ್ಬಿಸುವ ವಸ್ತು), ಐಜಿಇ (ಅಲರ್ಜಿಯ ಪ್ರತಿಕಾಯ), ಮಾಸ್ಟ್ ಕೋಶ (ನಾಳದ ಗೋಡೆಯಲ್ಲಿರುವ ರಕ್ಷಣಾ ಕೋಶ), ಹಿಸ್ಟಮಿನ್ (ಅದು ಸುರಿಯುವ ರಾಸಾಯನಿಕ) ಅಂತ ಒಂದೇ ಗೆರೆ. ಹಾಗಾದರೆ ಎರಡನೇ ಸಲದ್ದು ಯಾರ ಕೆಲಸ? ಸೆಟ್ರಿಜಿನ್ ಯಾಕೆ ಸಾಲದು? ಇನ್ನೊಂದು: ರಕ್ತದಲ್ಲಿ ಮೈಕ್ರೊಲೀಟರ್‌ಗೆ 620 ಇದ್ದ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ, ಐದು ದಿನ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ನುಂಗಿದ ಮರುದಿನ 40 ಬಂದರೆ ಉರಿಯೂತ ಹೋಯಿತು ಅಂತಲೇ?

ಎದೆಗೂಡು:
ಗೆರೆ ಒಂದಲ್ಲ, ಅಲೆ ಎರಡು. ಮೊದಲನೆಯದು ಮಾಸ್ಟ್ ಕೋಶದ್ದು. ಅದರ ಮೈಮೇಲೆ ಐಜಿಇ ಮೊದಲೇ ಅಂಟಿ ಕೂತಿರುತ್ತದೆ. ಅಲರ್ಜನ್ ಬಂದು ಅಕ್ಕಪಕ್ಕದ ಐಜಿಇಗಳನ್ನು ಜೋಡಿಸಿತೋ, ಕೋಶದೊಳಗಿನ ಕಾಳುಗಳಲ್ಲಿ ತುಂಬಿಟ್ಟ ಹಿಸ್ಟಮಿನ್ ನಿಮಿಷಗಳಲ್ಲಿ ಹೊರಗೆ. ಅದರ ಬೆನ್ನಿಗೇ ಲ್ಯೂಕೋಟ್ರೈನ್, ಪ್ರೊಸ್ಟಾಗ್ಲಾಂಡಿನ್ ಡಿ2 ಎಂಬ ರಾಸಾಯನಿಕಗಳು ಹೊಸದಾಗಿ ತಯಾರಾಗುತ್ತವೆ. ಶ್ವಾಸನಾಳ ಬಿಗಿಯುವುದರಲ್ಲಿ ಲ್ಯೂಕೋಟ್ರೈನ್ ಹಿಸ್ಟಮಿನ್‌ಗಿಂತ ನೂರಾರು ಪಟ್ಟು ಜೋರು. ಸೆಟ್ರಿಜಿನ್ ತಡೆಯುವುದು ಹಿಸ್ಟಮಿನ್ ಒಂದನ್ನೇ. ಮೂಗಿಗೆ ಸರಿ, ಎದೆಗೆ ಸಾಲದು.

ಎರಡನೇ ಅಲೆ 4ರಿಂದ 8 ತಾಸಿಗೆ, ಅದೂ ಎಲ್ಲರಲ್ಲಿ ಅಲ್ಲ. ಇಲ್ಲಿ ದಾರಿ ತೋರಿಸುವುದು ಟಿಎಚ್2 ಎಂಬ ಬಿಳಿ ರಕ್ತಕಣಗಳು, ಅವು ಬಿಡುವ ಐಎಲ್ (ಇಂಟರ್‌ಲ್ಯೂಕಿನ್) ಎಂಬ ಸಂದೇಶ ಪ್ರೋಟೀನ್‌ಗಳ ಮೂಲಕ. ಐಎಲ್-4 ಬಿ ಕೋಶಗಳಿಂದ ಐಜಿಇ ಮಾಡಿಸುತ್ತದೆ, ಐಎಲ್-13 ಕಫ ಹೆಚ್ಚಿಸುತ್ತದೆ, ಐಎಲ್-5 ಮೂಳೆಮಜ್ಜೆಯಿಂದ ಇಯೊಸಿನೊಫಿಲ್‌ಗಳನ್ನು ಕರೆತಂದು ಸಾಯದಂತೆ ಕಾಯುತ್ತದೆ. ನಾಳದ ಗೋಡೆ ಊದಿಕೊಂಡಾಗ ಸ್ನಾಯು ಸಡಿಲಿಸುವ ಸಾಲ್ಬ್ಯುಟಮಾಲ್ ಏನು ಮಾಡೀತು? ಅಲರ್ಜನ್ ಎಳೆಸುವ ಪರೀಕ್ಷೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಮುಂಚೆ ಸಾಲ್ಬ್ಯುಟಮಾಲ್ ಕೊಟ್ಟರೆ ಮೊದಲ ಅಲೆ ತಗ್ಗುತ್ತದೆ, ಎರಡನೆಯದು ಬಂದೇ ಬರುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಒಂದು ಡೋಸ್ ಕೊಟ್ಟರೆ ಇದರ ಉಲ್ಟಾ.

ಸ್ಲೈಡ್‌ಮೇಜು:
ಆ 40ನ್ನು ನಂಬಬೇಡಿ. ನುಂಗುವ ಸ್ಟೀರಾಯ್ಡ್ ಕೆಲವೇ ತಾಸುಗಳಲ್ಲಿ ರಕ್ತದ ಇಯೊಸಿನೊಫಿಲ್ ಇಳಿಸಿಬಿಡುತ್ತದೆ. ರಕ್ತ ತೆಗೆಯುವುದಿದ್ದರೆ ಮಾತ್ರೆ ಶುರುವಾಗುವ ಮುಂಚೆ, ಇಲ್ಲವೇ ನಿಲ್ಲಿಸಿ ಕೆಲವು ವಾರ ಬಿಟ್ಟು. ಹೊತ್ತೂ ಒಂದೇ ಇರಲಿ, ರಾತ್ರಿ ಹೆಚ್ಚಿರುವ ಎಣಿಕೆ ಮಧ್ಯಾಹ್ನದ ಮುಂಚೆ ತಗ್ಗಿರುತ್ತದೆ.

ನಮ್ಮ ಕಡೆ 620 ಅಂದ ಕೂಡಲೇ ಅಲರ್ಜಿ ಅನ್ನುವುದೂ ಅವಸರವೇ. ಹೊಟ್ಟೆಹುಳು ಇದ್ದರೂ ಏರುತ್ತದೆ, ಮಲಪರೀಕ್ಷೆ ಮಾಡಿಸಿ. 3000 ದಾಟಿ ರಾತ್ರಿ ಕೆಮ್ಮೂ ಇದ್ದರೆ ಫೈಲೇರಿಯಾದಿಂದ ಬರುವ ಶ್ವಾಸಕೋಶದ ಇಯೊಸಿನೊಫಿಲಿಯಾ ನೆನಪಿರಲಿ. ಅದಕ್ಕೆ ಔಷಧಿ ಡಿಇಸಿ. ಸ್ಟ್ರಾಂಗಿಲಾಯ್ಡಿಸ್ ಹುಳು ಇರುವವರಿಗೆ ಗೊತ್ತಿಲ್ಲದೆ ಸ್ಟೀರಾಯ್ಡ್ ಕೊಟ್ಟರೆ ಹುಳು ಮೈತುಂಬ ಹರಡಿ ಜೀವಕ್ಕೇ ಬರಬಹುದು.

ನಾಳದೊಳಗೇ ನೋಡಬೇಕೆಂದರೆ ಕಫ. ಮೊದಲು ಸಾಲ್ಬ್ಯುಟಮಾಲ್, ಆಮೇಲೆ 4.5% ಉಪ್ಪುನೀರಿನ ನೆಬ್ಯುಲೈಸರ್, ನಡುನಡುವೆ ಊದಿಸಿ ಅಳತೆ (ಎಫ್‌ಇವಿ1, ಅಂದರೆ ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ, ಬಿದ್ದರೆ ಅಲ್ಲಿಗೇ ನಿಲ್ಲಿಸಿ). ಎರಡು ತಾಸಿನೊಳಗೆ ಕಫ ಕರಗಿಸಿ ಸ್ಲೈಡ್ ಮಾಡಿ. 3% ಅಥವಾ ಹೆಚ್ಚು ಇಯೊಸಿನೊಫಿಲ್ ಇದ್ದರೆ ಅದು ಇಯೊಸಿನೊಫಿಲ್ ಉರಿಯೂತ. ಎಂಜಲಿನ ಚಪ್ಪಟೆ ಕೋಶಗಳೇ ತುಂಬಿದ್ದರೆ ಆ ಸ್ಲೈಡ್ ಬಿಸಾಡಿ.

ಬಿಳಿಕಣ:
ಎದೆಗೂಡು ಅವರ ಚಿತ್ರದಲ್ಲಿ ಇಯೊಸಿನೊಫಿಲ್‌ಗೆ ಸ್ವಲ್ಪ ಹೆಚ್ಚೇ ಪಾಲು ಸಿಕ್ಕಿತು. 2000ದಲ್ಲಿ ಬಂದ, ಐಎಲ್-5 ತಡೆಯುವ ಮದ್ದಿನ ಅಧ್ಯಯನದಲ್ಲಿ ರಕ್ತದ ಇಯೊಸಿನೊಫಿಲ್ ಕುಸಿಯಿತು, ಎರಡನೇ ಅಲೆ ಮಾತ್ರ ಅಲುಗಲಿಲ್ಲ. ಮದ್ದೇ ದಂಡ ಅಂದುಕೊಂಡವರು ಬಹಳ. ಇಯೊಸಿನೊಫಿಲ್ ಹೆಚ್ಚಿದ್ದು ಪದೇ ಪದೇ ಉಲ್ಬಣವಾಗುವವರನ್ನೇ ಆರಿಸಿ ಮೆಪೊಲಿಜುಮ್ಯಾಬ್ (ಐಎಲ್-5 ತಡೆಯುವ ಮದ್ದು) ಕೊಟ್ಟ 2009ರ ಅಧ್ಯಯನಗಳಲ್ಲಿ ಉಲ್ಬಣಗಳು ಇಳಿದವು. ಅಂದರೆ ಈ ಕೋಶದ ಪಾಲು ದೊಡ್ಡ ಅಟ್ಯಾಕ್‌ನಲ್ಲಿ ಹೆಚ್ಚು, ದಿನನಿತ್ಯದ ಬಿಗಿತದಲ್ಲಿ ಕಡಿಮೆ.

ಇನ್ನು ಆರಂಭ ಟಿಎಚ್2ದಲ್ಲೂ ಅಲ್ಲ, ನಾಳದ ಒಳಪದರದಲ್ಲಿ. ಧೂಳುಹುಳದ ಪ್ರೋಟಿಯೇಸ್ ಕಿಣ್ವ ಪದರದ ಬೆಸುಗೆ ಬಿಚ್ಚಿದರೆ ಟಿಎಸ್‌ಎಲ್‌ಪಿ, ಐಎಲ್-33 ಎಂಬ ಎಚ್ಚರಿಕೆ ಪ್ರೋಟೀನ್‌ಗಳು ಹೊರಬಂದು ಐಎಲ್‌ಸಿ2 ಎಂಬ ರಕ್ಷಣಾ ಕೋಶಗಳನ್ನು ಎಬ್ಬಿಸುತ್ತವೆ. ಇವಕ್ಕೆ ಐಜಿಇಯ ಹಂಗಿಲ್ಲ, ಐಎಲ್-5, ಐಎಲ್-13 ತಾವೇ ಸುರಿಯುತ್ತವೆ.

ಎರಡನೇವರ್ಷ:
ಹಾಗಾದರೆ ಉರಿಯೂತ ಗೊತ್ತಾಗಲು ಉಸಿರಿನ ನೈಟ್ರಿಕ್ ಆಕ್ಸೈಡ್ ಅಳೆದರೆ ಸಾಲದೇ, ಕಫ ಯಾಕೆ?

ಬಿಳಿಕಣ:
ಅದು ಬೇರೆ ಕಿಟಕಿ. ನೈಟ್ರಿಕ್ ಆಕ್ಸೈಡ್ ಏರುವುದು ಮುಖ್ಯವಾಗಿ ಐಎಲ್-13ರಿಂದ. ದೊಡ್ಡವರಲ್ಲಿ 50 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ 50) ಮೇಲಿದ್ದರೆ ಹೆಚ್ಚು. ಸಿಗರೇಟು ಸೇದುವವರಲ್ಲಿ ಸುಳ್ಳೇ ಕಡಿಮೆ ತೋರಿಸುತ್ತದೆ. ಐಎಲ್-5 ತಡೆದರೆ ರಕ್ತದ ಇಯೊಸಿನೊಫಿಲ್ ಬೀಳುತ್ತದೆ, ನೈಟ್ರಿಕ್ ಆಕ್ಸೈಡ್ ಅಷ್ಟಾಗಿ ಇಳಿಯದು. ಐಎಲ್-4, ಐಎಲ್-13 ಎರಡನ್ನೂ ತಡೆಯುವ ಡುಪಿಲುಮ್ಯಾಬ್‌ನಲ್ಲಿ ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ, ರಕ್ತದ ಎಣಿಕೆ ಕೆಲವರಲ್ಲಿ ಏರಿಬಿಡುತ್ತದೆ: ನಾಳದೊಳಗೆ ನುಗ್ಗಲು ದಾರಿಯಿಲ್ಲದ ಕೋಶಗಳು ರಕ್ತದಲ್ಲೇ ಉಳಿಯುತ್ತವೆ.