ಟೂರ್ ಗಾಡಿಗೆ ಡೀಸೆಲ್ಲೋ, ಪೆಟ್ರೋಲೋ, ಗ್ಯಾಸೋ? ಓಡಿಸಿದವರು ಹೇಳಿ

ಹೊಸ ಪಯಣ:
ಮನೆಯಲ್ಲಿ ಆರು ಜನ ಇದ್ದೇವೆ. ಏಳು ಸೀಟಿನ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕ್ತಿದ್ದೇವೆ. ವರ್ಷಕ್ಕೆ ಎರಡು ಮೂರು ದೊಡ್ಡ ಟೂರ್ ಇರುತ್ತೆ, ಘಾಟಿ ರಸ್ತೆ ತಪ್ಪಲ್ಲ. ಉಳಿದ ದಿನ ಮಕ್ಕಳ ಶಾಲೆ, ನನ್ನ ಆಫೀಸು, ಹೋಗಿಬರೋದೆಲ್ಲ ಸೇರಿ ಎಂಟು ಕಿ.ಮೀ. ಮೀರಲ್ಲ. ಅಪ್ಪ ಡೀಸೆಲ್ಲೇ ಆಗಬೇಕು ಅಂತಾರೆ. ಯಜಮಾನರಿಗೆ ಪೆಟ್ರೋಲ್ ಗಾಡಿ ತಗೊಂಡು ಸಿಎನ್‌ಜಿ ಕಿಟ್ ಹಾಕಿಸುವ ಮನಸ್ಸು. ಇಂಧನದ ಖರ್ಚು ಉಳಿಯಬೇಕು, ಅದೇ ಮುಖ್ಯ. ಓಡಿಸಿದವರು ಅನುಭವ ಹೇಳಿ.

ಹಳೇ ಡೀಸೆಲ್:
ನಿಮ್ಮ ತಂದೆಯವರು ಹೇಳಿದ್ದೇ ಸರಿ ಮೇಡಂ. ನಾನು ಡೀಸೆಲ್ ಬಿಟ್ಟು ಬೇರೆ ಮುಟ್ಟಿದವನಲ್ಲ. ಜನ ತುಂಬಿ, ಲಗೇಜ್ ಹೇರಿ, ಘಾಟಿ ಹತ್ತುವಾಗ ಡೀಸೆಲ್ ಅಂದ್ರೆ ಏನು ಅಂತ ಗೊತ್ತಾಗುತ್ತೆ. 1,800 ಆರ್‌ಪಿಎಂಗೇ ಪೂರ್ತಿ ಎಳೆತ ಸಿಗುತ್ತೆ, ಗೇರ್ ಜಗ್ಗಾಡೋ ಪ್ರಮೇಯವೇ ಇಲ್ಲ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ, ಡೀಸೆಲ್‌ನಲ್ಲಿ 36ರ ಹತ್ತಿರ. ಅದಲ್ಲದೆ ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತಿ ಉರಿಸುತ್ತೆ, ಅಷ್ಟೇ ಶಕ್ತಿಯಲ್ಲಿ ಹೆಚ್ಚು ಕೆಲಸ ತೆಗೆಯುತ್ತೆ. ಇದು ಭೌತಶಾಸ್ತ್ರ, ಯಾರ ಬಾಯಿಮಾತೂ ಅಲ್ಲ.

ಒಂದೇ ಒಂದು ಸಲ ನೋವು ತಿಂದಿದ್ದೇನೆ, ಅದನ್ನೂ ಹೇಳ್ತೀನಿ. ಚಳಿಗಾಲದಲ್ಲಿ ಎತ್ತರದ ಊರಿಗೆ ಹೋಗಿದ್ವಿ. ಕೆಳಗೆ ಬಯಲಿನಲ್ಲಿ ಟ್ಯಾಂಕ್ ಬಾಯಿವರೆಗೆ ತುಂಬಿಸಿದಾಗ ಬಂಕ್‌ನವನು ಮೇಲಿನ ಚಳಿಗೂ ಈ ಡೀಸೆಲ್ ತಡೆಯುತ್ತೆ ಅಂತ ಭರವಸೆ ಕೊಟ್ಟಿದ್ದ. ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತೆ, ಎಂಜಿನ್ ಹಿಡಿಯಲ್ಲ. ಡೀಸೆಲ್ ಒಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಂಡಿತ್ತು. ಬಿಸಿನೀರಿನ ಬಟ್ಟೆ ಫಿಲ್ಟರ್‌ಗೆ ಸುತ್ತಿದ್ವಿ, ಬ್ಯಾಟರಿ ಇಳೀತು. ಟೋಯಿಂಗ್ ಗಾಡಿಯವನು ಬರೋದಕ್ಕೂ ಹೋಗೋದಕ್ಕೂ ಲೆಕ್ಕ ಹಾಕಿದ. ಹೊಸ ಫಿಲ್ಟರ್, ಹೊಸ ಬ್ಯಾಟರಿ, ಎಲ್ಲರಿಗೂ ಇನ್ನೊಂದು ರಾತ್ರಿಯ ರೂಮು ಬಾಡಿಗೆ. ಟ್ಯಾಂಕ್ ತುಂಬಿದ್ದರಿಂದ ಅಲ್ಲಿ ಸಿಗೋ ಚಳಿಗಾಲದ ಡೀಸೆಲ್ ಬೆರೆಸೋಕೂ ಜಾಗ ಇರಲಿಲ್ಲ. ಆಮೇಲಿಂದ ಚಳಿ ಊರಿಗೆ ಕಾಲು ಟ್ಯಾಂಕ್‌ನಲ್ಲಿ ತಲುಪಿ, ಅಲ್ಲಿನದೇ ತುಂಬಿಸ್ತೀನಿ. ಅಷ್ಟಾದರೂ ನನ್ನ ಗಾಡಿ ಬಿಟ್ಟುಕೊಡಲ್ಲ.

ಸಿಲಿಂಡರ್ ಸವಾರ:
ಮೇಡಂ, ಖರ್ಚು ಮುಖ್ಯ ಅಂದಿರಿ. ಹಾಗಾದರೆ ಗ್ಯಾಸ್ ಬಿಟ್ಟು ಬೇರೆ ಮಾತೇ ಬೇಡ. ಒಂದು ಕೆಜಿ ಸಿಎನ್‌ಜಿಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲ್‌ನಷ್ಟು ಶಕ್ತಿ ಇರುತ್ತೆ. ನಿಮ್ಮ ಕಡೆ ಕೆಜಿ ರೇಟನ್ನು ಒಂದೂವರೆಯಿಂದ ಭಾಗಿಸಿ, ಬಂದ ಉತ್ತರವನ್ನು ಪೆಟ್ರೋಲ್ ಲೀಟರ್ ರೇಟಿನ ಪಕ್ಕ ಇಡಿ, ನಿರ್ಧಾರ ತಾನಾಗೇ ಆಗುತ್ತೆ.

ಕಿಟ್ ಹಾಕಿಸಿದ ಮೊದಲ ವರ್ಷ ನಾನು ಪಟ್ಟ ಪಾಡು ಮಾತ್ರ ಯಾರಿಗೂ ಬೇಡ. 60 ಲೀಟರ್ ಸಿಲಿಂಡರ್ ಅಂತಾರೆ, ಅದರಲ್ಲಿ ಹಿಡಿಯೋದು ಹತ್ತು ಕೆಜಿ ಗ್ಯಾಸು. ಅಂದರೆ ಹದಿನೈದು ಲೀಟರ್ ಪೆಟ್ರೋಲ್‌ಗೆ ಸಮ. ದೂರದ ಪ್ರಯಾಣದಲ್ಲಿ ಅದು ಎಷ್ಟು ಬೇಗ ಖಾಲಿ ಆಗುತ್ತೆ ನೀವೇ ಲೆಕ್ಕ ಹಾಕಿ. 200 ಬಾರ್ ಒತ್ತಡ ತಡೆಯೋ ಉಕ್ಕಿನ ಸಿಲಿಂಡರ್, ಅದರ ಭಾರಕ್ಕೆ ಗಾಡಿಯ ಹಿಂಭಾಗ ಕೂತುಬಿಡ್ತು. ಸ್ಪ್ರಿಂಗ್ ಬದಲಾಯಿಸಿದೆ. ಡಿಕ್ಕಿಯ ಜಾಗ ಹೋಯ್ತು, ಲಗೇಜ್ ಕ್ಯಾರಿಯರ್ ಮೇಲೆ ಹತ್ತಿತು, ಗಾಳಿಯ ತಡೆಗೆ ಮೈಲೇಜ್ ಇಳೀತು. ಟ್ಯೂನಿಂಗ್ ಮಾಡಿದವನು ಗ್ಯಾಸ್ ಮಿಶ್ರಣ ತೆಳು (ಗ್ಯಾಸ್ ಕಮ್ಮಿ, ಗಾಳಿ ಜಾಸ್ತಿ) ಇಟ್ಟುಬಿಟ್ಟಿದ್ದ, ಎಂಜಿನ್‌ನ ವಾಲ್ವ್ ಸೀಟ್ ಸವೆದು ಎಂಜಿನ್‌ನ ಸಿಲಿಂಡರ್ ಹೆಡ್ ಇಳಿಸಬೇಕಾಯ್ತು. ಹೆಡ್ ಕೆಲಸ, ಗ್ಯಾಸ್ಕೆಟ್, ಆಯಿಲ್, ಕೂಲೆಂಟ್ ಎಲ್ಲ ಸೇರಿ ಕಿಟ್‌ನ ಅರ್ಧ ಬೆಲೆ ಮತ್ತೆ ಕೊಟ್ಟೆ. ಅದಾದ ಮೇಲೂ ಹಾಕಿದ ದುಡ್ಡು ವಾಪಸ್ ಬಂದಿದೆ. ಯಾಕೆಂದರೆ ನನ್ನ ಗಾಡಿ ದಿನಾ ಓಡುತ್ತೆ.

ಹಳೇ ಡೀಸೆಲ್:
ಸ್ಪ್ರಿಂಗ್, ಹೆಡ್, ಕ್ಯಾರಿಯರ್... ಇಷ್ಟೆಲ್ಲ ಖರ್ಚು ಮಾಡಿಕೊಂಡು ಉಳಿತಾಯ ಅಂತ ಹೇಗೆ ಹೇಳ್ತೀರಿ ಸ್ವಾಮಿ? ಘಾಟಿಯಲ್ಲಿ ನಿಮ್ಮಂಥ ಗಾಡಿಗಳ ಹಿಂದೆ ಎರಡನೇ ಗೇರಲ್ಲಿ ತೆವಳಿ ನಮಗೆ ಸಾಕಾಗಿದೆ.

ಸಿಲಿಂಡರ್ ಸವಾರ:
ಗ್ಯಾಸಲ್ಲಿ ಶೇ. 10ರಷ್ಟು ಪಿಕಪ್ ಕಡಿಮೆ, ಒಪ್ಪಿಕೊಂಡೆ. ಘಾಟಿ ಬಂದಾಗ ಸ್ವಿಚ್ ಒತ್ತಿ ಪೆಟ್ರೋಲ್‌ಗೆ ಹಾಕ್ತೀನಿ. ನಿಮ್ಮ ಗಾಡಿಯ ಕರಿ ಹೊಗೆ ಕುಡಿದು ಹಿಂದೆ ಬಂದವರ ಕಷ್ಟ ಯಾರು ಕೇಳಬೇಕು? ಬೇರೆಯವರು ದುಡಿದು ಹಾಕಿಸಿದ ಗಾಡಿ ಬಗ್ಗೆ ಮಾತಾಡುವಾಗ ಮರ್ಯಾದೆ ಇರಲಿ.

ಬೆಟ್ಟದ ಬೈಕು:
ನಂದು ಬೈಕು, ಆದರೂ ಪೆಟ್ರೋಲ್ ತಗೋಳೋರು ಇದನ್ನ ಓದಲೇಬೇಕು. ಎಥೆನಾಲ್ ಬೆರೆತ ಪೆಟ್ರೋಲ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಎಥೆನಾಲ್‌ನಲ್ಲಿ ಶಕ್ತಿ ಲೀಟರಿಗೆ 21 ಮೆಗಾಜೌಲ್ ಅಷ್ಟೇ. ಶೇ. 10 ಬೆರೆತರೆ ಮೈಲೇಜ್ ಶೇ. 3ರಷ್ಟು, ಶೇ. 20 ಬೆರೆತರೆ ಶೇ. 6, 7ರಷ್ಟು ಇಳಿಯೋದು ಸಹಜ. ಹೆಚ್ಚು ಎಥೆನಾಲ್ ಇರೋ ಪೆಟ್ರೋಲ್ ಅಗ್ಗಕ್ಕೆ ಸಿಕ್ಕರೆ ರೇಟಿನ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದೆಯಾ ನೋಡಿ. ನನಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನೀರಿನಿಂದ. ಎಥೆನಾಲ್ ತೇವ ಹೀರುತ್ತೆ. ಮಳೆಗಾಲ ಪೂರ್ತಿ ಬೈಕು ನಿಲ್ಲಿಸಿದ್ದೆ, ಟ್ಯಾಂಕ್ ತಳದಲ್ಲಿ ನೀರೂ ಎಥೆನಾಲೂ ಬೇರ್ಪಟ್ಟು ಕೂತಿತ್ತು. ಟ್ಯಾಂಕ್ ಒಳಗೆ ತುಕ್ಕು, ಪಂಪ್ ಹೋಯ್ತು, ರಬ್ಬರ್ ಪೈಪ್ ಉಬ್ಬಿತ್ತು. ಪಂಪ್ ಬಿಡಿಯಾಗಿ ಸಿಗಲ್ಲ, ಪೂರ್ತಿ ಅಸೆಂಬ್ಲಿನೇ ತಗೋಬೇಕು ಅಂದರು. ಫಿಲ್ಟರ್ ಬೇರೆ, ಟ್ಯಾಂಕ್ ತೊಳೆದ ಕೂಲಿ ಬೇರೆ, ಕೊಳೆ ಪೆಟ್ರೋಲ್ ಚೆಲ್ಲಿದ್ದು ಬೇರೆ.

ಮತ್ತೆ, ಹೈ ಆಕ್ಟೇನ್ ಪೆಟ್ರೋಲ್ ಹಾಕಿದರೆ ಮೈಲೇಜ್ ಬರುತ್ತೆ ಅನ್ನೋರ ಮಾತು ಕೇಳಬೇಡಿ. ಆಕ್ಟೇನ್ ಅಂದರೆ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಲ್ಲಿ ಉರಿದು ಎಂಜಿನ್ ಬಡಿಯೋದು) ತಡೆಯುವ ಗುಣ, ಹೆಚ್ಚು ಶಕ್ತಿ ಅಲ್ಲ. ಮ್ಯಾನ್ಯುಯಲ್‌ನಲ್ಲಿ 91 ಅಂತ ಇದ್ದರೆ 91 ಹಾಕಿ. 95 ಬೇಕು ಅಂದಿರೋ ಎಂಜಿನ್‌ಗೆ ಮಾತ್ರ ಕಡಿಮೆಯದು ಹಾಕಬೇಡಿ.

ಬೆಳಗಿನ ಬಂಕ್:
ಪೆಟ್ರೋಲ್ ಯಾವಾಗಲೂ ಬೆಳಗಿನ ಜಾವ ತಂಪಿರುವಾಗ ತುಂಬಿಸಿ. ದಟ್ಟವಾಗಿರುತ್ತೆ, ಅಷ್ಟೇ ದುಡ್ಡಿಗೆ ಹೆಚ್ಚು ಸಿಗುತ್ತೆ. ನಮ್ಮ ಮನೇಲಿ ಎಲ್ಲರೂ ಹೀಗೇ ಮಾಡೋದು.

ಬೆಟ್ಟದ ಬೈಕು:
ಹತ್ತು ಡಿಗ್ರಿ ಏರಿದರೆ ಪೆಟ್ರೋಲ್ ಹಿಗ್ಗೋದು ಶೇ. 1ರಷ್ಟು. ಬಂಕ್‌ನ ಟ್ಯಾಂಕ್ ನೆಲದಡಿ ಹೂತಿರುತ್ತೆ, ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಹತ್ತು ಡಿಗ್ರಿ ಬದಲಾಗಲ್ಲ. ಸುಮ್ಮನೆ ನಿದ್ದೆ ಕೆಡಿಸಿಕೊಳ್ತೀರಿ.

ಬೆಳಗಿನ ಬಂಕ್:
ನಿಮಗೆ ನಿದ್ದೆ ಮುಖ್ಯ, ನನಗೆ ದುಡ್ಡು ಮುಖ್ಯ. ನನ್ನ ಲೆಕ್ಕದ ಪುಸ್ತಕ ಸುಳ್ಳು ಹೇಳಲ್ಲ.

ಸ್ಟೆಪ್ನಿ:
ಪ್ರಶ್ನೆಯಲ್ಲಿದ್ದ "ಎಂಟು ಕಿ.ಮೀ." ಯಾರ ಕಣ್ಣಿಗೂ ಬೀಳಲಿಲ್ಲವೇ? ನನ್ನದೂ ಡೀಸೆಲ್ಲೇ, ಆದರೆ ಹೊಸ ಕಾಲದ್ದು, ಡಿಪಿಎಫ್ ಎಂಬ ಹೊಗೆ ಫಿಲ್ಟರ್ ಇರುವುದು. ಹೊಗೆಯ ಮಸಿಯನ್ನು ಆ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಅದನ್ನು ಸುಡಬೇಕು. ಸುಡಲು ಸುಮಾರು 600 ಡಿಗ್ರಿ ಕಾವು ಬೇಕು. ಅದಕ್ಕೆ ಹೈವೇಯಲ್ಲಿ ನಿಲ್ಲದೆ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಶಾಲೆಗೆ ಹೋಗಿಬರುವ ಗಾಡಿಗೆ ಆ ಅವಕಾಶ ಎಲ್ಲಿದೆ? ಪ್ರತಿ ಸಲವೂ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಅದಕ್ಕೆಂದು ಚಿಮ್ಮಿಸಿದ ಡೀಸೆಲ್ ಉರಿಯದೆ ಸಿಲಿಂಡರ್ ಗೋಡೆಯಿಂದ ಎಂಜಿನ್ ಆಯಿಲ್‌ಗೆ ಇಳಿಯಿತು. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಮಟ್ಟ ಮೇಲಿನ ಗೆರೆಯನ್ನೂ ದಾಟಿತ್ತು, ಡೀಸೆಲ್ ವಾಸನೆ ಬರುತ್ತಿತ್ತು. ಅವಧಿಗೆ ಮುಂಚೆಯೇ ಆಯಿಲ್ ಬದಲಾವಣೆ. ಮುಂದೆ ಗಾಡಿ ಎಂಜಿನ್ ಉಳಿಸಲು ತಾನೇ ಶಕ್ತಿ ತಗ್ಗಿಸುವ ಲಿಂಪ್ ಮೋಡ್‌ಗೆ ಹೋಯಿತು, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಏರಲಿಲ್ಲ. ಗ್ಯಾರೇಜಿನಲ್ಲಿ ಕಂಪ್ಯೂಟರ್ ಹಾಕಿ ಸುಟ್ಟರು, ಮತ್ತೆ ಕಟ್ಟಿತು. ಕೊನೆಗೆ ಫಿಲ್ಟರನ್ನೇ ಬದಲಾಯಿಸಬೇಕಾಯಿತು. ಆ ಬಿಲ್ಲಿನ ಮೊತ್ತದಲ್ಲಿ ಒಂದು ವರ್ಷದ ಟೂರ್‌ಗಳ ಡೀಸೆಲ್ ಬರುತ್ತಿತ್ತು. ಹೊಗೆ ಶುದ್ಧಿಗೆ ಯೂರಿಯಾ ದ್ರಾವಣ ಬೇಡುವ ಗಾಡಿಯಾದರೆ ಆ ಖರ್ಚನ್ನೂ ಸೇರಿಸಿಕೊಳ್ಳಿ.

ಹಳೇ ಡೀಸೆಲ್:
ಆ ಫಿಲ್ಟರ್ ಕಿತ್ತು ಹಾಕಿಸಿ, ಸಾಫ್ಟ್‌ವೇರ್ ಬದಲಾಯಿಸಿದರೆ ಮುಗೀತು. ಎಷ್ಟೋ ಜನ ಮಾಡಿಸಿದ್ದಾರೆ.

ಸ್ಟೆಪ್ನಿ:
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಬಹಳ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ತಪಾಸಣೆಯಲ್ಲಿ ಸಿಕ್ಕರೆ ಗಾಡಿ ರಸ್ತೆಗೇ ಇಳಿಯುವ ಹಾಗಿಲ್ಲ. ಶಾಲೆಯ ಗೇಟಿನ ಮುಂದೆ ನಿಲ್ಲುವ ಗಾಡಿ ಅದು. ಆ ಮಸಿ ಹೋಗುವುದು ಮಕ್ಕಳ ಎದೆಯೊಳಕ್ಕೆ. ನಾನು ಫಿಲ್ಟರ್‌ಗೆ ಅಷ್ಟು ದುಡ್ಡು ಕೊಟ್ಟಿದ್ದು ಕಿತ್ತು ಹಾಕುವುದು ಗೊತ್ತಿಲ್ಲದೆ ಅಲ್ಲ.

ನಿಧಾನಿ:
ಯಾವ ಇಂಧನ ಅಂತ ಇಷ್ಟು ಜಗಳ ಆಡ್ತಿದ್ದೀರಿ, ಆಕ್ಸಿಲರೇಟರ್ ಒತ್ತೋ ಕಾಲಿನ ಬಗ್ಗೆ ಒಬ್ಬರೂ ಬರೆದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 80ರಿಂದ 100ಕ್ಕೆ ಏರಿಸಿದರೆ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ನಾನು ಹೈವೇಯಲ್ಲಿ 80 ದಾಟಲ್ಲ, ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ದಾಟಲ್ಲ. ಟೂರ್ ಮುಗಿದ ದಿನವೇ ಕ್ಯಾರಿಯರ್ ಬಿಚ್ಚಿಡ್ತೀನಿ. ಖಾಲಿ ಕ್ಯಾರಿಯರ್ ಕೂಡ ಇಂಧನ ತಿನ್ನುತ್ತೆ. ಟೈರ್ ಗಾಳಿ ಚೆಕ್ ಮಾಡದೆ ಹೊರಡಲ್ಲ, ಪೂರ್ತಿ ಲೋಡಿಗೆ ಬಾಗಿಲ ಸ್ಟಿಕ್ಕರ್‌ನಲ್ಲಿ ಬೇರೆ ಒತ್ತಡ ಬರೆದಿರುತ್ತೆ, ಅದನ್ನೇ ಹಾಕಿಸ್ತೀನಿ. ಎಸಿ ಹಾಕಿಕೊಂಡು ನಿಂತಲ್ಲೇ ಎಂಜಿನ್ ಓಡಿಸಿದರೆ ಗಂಟೆಗೆ ಒಂದು ಲೀಟರ್ ತನಕ ಹೋಗುತ್ತೆ, ಮಕ್ಕಳು ಮಲಗಿದ್ದಾರೆ ಅಂತ ನಿಲ್ಲಿಸಿಕೊಂಡು ಕೂರೋರು ಇದನ್ನ ನೆನಪಿಡಿ.

ಹಳೇ ಡೀಸೆಲ್:
ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ, ಇನ್ನೂ ಉಳಿಯುತ್ತೆ. ನಾನು ಓಡಿಸೋಕೆ ಕಲಿತಿದ್ದೇ ಹಾಗೆ.

ನಿಧಾನಿ:
ಇದನ್ನ ಓದಿ ಸುಮ್ಮನಿರೋಕೆ ಆಗಲ್ಲ. ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಲ್ಲುತ್ತೆ, ಚಕ್ರಗಳೇ ಎಂಜಿನ್ ತಿರುಗಿಸ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಐಡ್ಲಿಂಗ್‌ಗೆ ಡೀಸೆಲ್ ಹೋಗುತ್ತಲೇ ಇರುತ್ತೆ. ಉಳಿಯೋದು ಎಲ್ಲಿ ಬಂತು? ಆರು ಜನರ ಭಾರ ಪೂರ್ತಿ ಬ್ರೇಕ್ ಮೇಲೆ. ಬ್ರೇಕ್ ಕಾದು ಪೆಡಲ್ ನೆಲಕ್ಕೆ ಹೋದರೆ ಏನು ಮಾಡ್ತೀರಿ? ಹತ್ತಿದ ಗೇರಲ್ಲೇ ಇಳಿಯಬೇಕು.

ಹಳೇ ಡೀಸೆಲ್:
ಕಾರ್ಬುರೇಟರ್ ಕಾಲದಲ್ಲಿ ಎಲ್ಲ ಡ್ರೈವರ್‌ಗಳೂ ಹಾಗೇ ಇಳಿಸ್ತಿದ್ರು. ನಿನ್ನೆ ಮೊನ್ನೆ ಸ್ಟೀರಿಂಗ್ ಹಿಡಿದವರು ನನಗೆ ಪಾಠ ಹೇಳೋದು ಬೇಡ.

ನಿಧಾನಿ:
ಮೇಡಂ ತಗೋತಿರೋದು ಕಾರ್ಬುರೇಟರ್ ಗಾಡಿ ಅಲ್ಲ. ಮಕ್ಕಳನ್ನ ಕೂರಿಸಿಕೊಂಡು ಹೋಗೋರಿಗೆ ಹೇಳ್ತಿರೋದು ನಾನು, ನಿಮ್ಮ ಸೀನಿಯಾರಿಟಿ ಕಟ್ಟಿಕೊಂಡು ಏನಾಗಬೇಕು?

ಹೊಸ ಪಯಣ:
ಎಲ್ಲರಿಗೂ ಧನ್ಯವಾದ. ಡಿಪಿಎಫ್ ವಿಷಯ ಅಪ್ಪನಿಗೆ ಓದಿ ಹೇಳಿದೆ, ಡಿಪಿಎಫ್ ಇಲ್ಲದ ಹಳೇ ಡೀಸೆಲ್ ಗಾಡಿಗೆ ಆ ತೊಂದರೆ ಇಲ್ವಲ್ಲ ಅಂತಿದ್ದಾರೆ. ಸಿಲಿಂಡರ್ ಸವಾರ ಅವರೇ, ಏಳು ಸೀಟಲ್ಲಿ ಹಿಂದಿನ ಸಾಲು ಉಳಿಸಿಕೊಂಡೇ ಸಿಲಿಂಡರ್ ಇಡೋಕೆ ಆಗುತ್ತಾ?

ಸಿಲಿಂಡರ್ ಸವಾರ:
ಕಂಪನಿಯಿಂದಲೇ ಅಡಿಭಾಗದಲ್ಲಿ ಸಿಲಿಂಡರ್ ಕೂರಿಸಿ ಬಂದ ಗಾಡಿಯಾದರೆ ಆಗುತ್ತೆ. ಹೊರಗೆ ಹಾಕಿಸಿದರೆ ಹಿಂದಿನ ಸಾಲು ಹೋಯ್ತು ಅಂತಲೇ ತಿಳ್ಕೊಳ್ಳಿ. ಆರು ಜನ ಇದ್ದೀರಿ, ಆರನೆಯವರು ಕೂರೋದು ಆ ಸಾಲಲ್ಲೇ. ಮತ್ತೆ ದಿನಕ್ಕೆ ಎಂಟು ಕಿ.ಮೀ. ಅಂದರೆ ಅದರಲ್ಲಿ ಮೊದಲ ಒಂದೆರಡು ಕಿ.ಮೀ. ಎಂಜಿನ್ ಬಿಸಿ ಆಗೋವರೆಗೆ ಪೆಟ್ರೋಲ್‌ನಲ್ಲೇ ಓಡುತ್ತೆ, ಸಂಜೆ ತಣ್ಣಗಾದ ಮೇಲೆ ಮತ್ತೆ ಅಷ್ಟೇ. ಕಿಟ್ ಅಂಗಡಿಯವರು ಇದನ್ನ ಹೇಳಲ್ಲ. ನಿಮ್ಮ ವರ್ಷದ ಓಟ ಎಷ್ಟು ಅಂತ ಮೊದಲು ಕೂಡಿ ಹಾಕಿ, ಆಮೇಲೆ ನಂಗೆ ಬರೀರಿ, ಕಿಟ್ ದುಡ್ಡು ವಾಪಸ್ ಬರೋಕೆ ಎಷ್ಟು ಕಿ.ಮೀ. ಬೇಕು ಅಂತ ಲೆಕ್ಕ ಹಾಕಿ ಕೊಡ್ತೀನಿ.

ಬೆಳಗಿನ ಬಂಕ್:
ಲೆಕ್ಕ ಹಾಕುವಾಗ ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಹಾಕಿ ಮೇಡಂ, ಒಂದೇ ಬಂಕ್, ಒಂದೇ ಪಂಪ್. ಮೀಟರ್ ಬೋರ್ಡ್ ತೋರಿಸೋ ಮೈಲೇಜ್ ನಂಬಬೇಡಿ.